ಉಣ್ಣದೆ ನೋಡಬೇಕಾದ ಕಾಲೇಜು

ಆಷಾಢದ ಗಾಳಿ ಎದ್ದಿತ್ತು. ಸಂಜೆ, ಹಸು ಕರೆಯುವ ಹೊತ್ತು. ಹೊಲದ ಧೂಳೆಲ್ಲ ಹಾಲಿಗೆ ಬೀಳುತ್ತೆ ಅಂತ ನಾನು ಪಾತ್ರೆಗೆ ಸೆರಗು ಅಡ್ಡ ಹಿಡಿದು ಕೂತಿದ್ದೆ. ಆಗ ನನ್ನ ಮಗ ಅನಿಲ್‌ಕುಮಾರನೂ ಅವನ ಮಗಳು ಹರ್ಷಿತಳೂ ಜಗುಲಿ ಮೇಲೆ ಮೊಬೈಲ್ ಇಟ್ಟುಕೊಂಡು ಜಗಳ ಶುರು ಮಾಡಿದರು.

ಹರ್ಷಿತ ಆರ್ಕಿಟೆಕ್ಚರ್ ಓದಬೇಕು ಅಂತ ಹಟ ಹಿಡಿದಿದ್ದಳು. ಮನೆ ಹೇಗಿರಬೇಕು ಅಂತ ಮೊದಲು ಕಾಗದದ ಮೇಲೆ ಬರೆದು ಕೊಡುವ ವಿದ್ಯೆ. ಅದಕ್ಕೆ ಬೇಸಿಗೆಯಲ್ಲಿ ಒಂದು ಪರೀಕ್ಷೆ ಬರೆದಿದ್ದಳು, ರ್‍ಯಾಂಕೂ ಬಂದಿತ್ತು. ಈಗ ಯಾವ ಯಾವ ಕಾಲೇಜು ಬೇಕು ಅಂತ ಒಂದರ ಕೆಳಗೊಂದು ಮೊಬೈಲಿನಲ್ಲಿ ತುಂಬಬೇಕು. ಮೇಲೆ ಹಾಕಿದ್ದು ಸಿಕ್ಕರೆ ಕೆಳಗಿನದನ್ನ ಕೇಳೋ ಹಾಗಿಲ್ಲ. ಅವಳ ರ್‍ಯಾಂಕಿಗೆ ಮೈಸೂರಿನ ಒಂದು ಕಾಲೇಜೂ ಸಿಗಬಹುದು, ಯಲಹಂಕದ ಒಂದು ಕಾಲೇಜೂ ಸಿಗಬಹುದು ಅಂತ ಅವಳ ಮೇಷ್ಟ್ರು ಹೇಳಿದ್ದರು. ಹಾಗಾಗಿ ಜಗಳವೆಲ್ಲ ಯಾವುದು ಮೇಲೆ ಅನ್ನೋದಕ್ಕೆ. ಸೋಮವಾರ ಸಂಜೆ ಕಡೇ ಗಡುವು.

"ಮೈಸೂರು ಮೊದಲು ಹಾಕ್ತೀನಪ್ಪ."

"ಮೈಸೂರಲ್ಲಿ ಏನಿದೆ?"

"ಕಾಲೇಜಿದೆ."

"ಯಲಹಂಕದಲ್ಲೂ ಇದೆ. ಅವರದೇ ಬಸ್ಸು ಮಧುರೆ ತನಕ ಬರುತ್ತೆ. ಬೆಳಿಗ್ಗೆ ಹತ್ತಿದ್ರೆ ಸಂಜೆ ಮನೆ ಹತ್ರ ಇಳೀತೀಯ."

"ಹಾಲಿನ ಕ್ಯಾನ್ ಥರ."

"ಹಾಲಿನ ಕ್ಯಾನ್ ಒಂದಿನಾನೂ ಮನೆಗೆ ವಾಪಸ್ ಬರದೇ ಇದ್ದಿಲ್ಲ ಕಣಮ್ಮ."

ಮೈಸೂರಿನ ಕಾಲೇಜಿನಲ್ಲಿ ಮೊದಲ ವರ್ಷ ಕಂಪ್ಯೂಟರ್ ಮುಟ್ಟಿಸಲ್ಲವಂತೆ. ಎಲ್ಲಾ ಕೈಯಲ್ಲೇ ಬರೆಸುತ್ತಾರಂತೆ. ಮಣ್ಣು ತುಳಿದು ಗೋಡೆ ಕಟ್ಟಿಸುತ್ತಾರಂತೆ. ನಮ್ಮೂರಿನ ಚೈತ್ರ ಅಲ್ಲಿ ಓದುತ್ತಿದ್ದಾಳೆ, ಅವಳು ಹೇಳಿದ್ದು. ಇದನ್ನ ಕೇಳಿ ಅನಿಲ ಎದ್ದು ನಿಂತ.

"ಮಣ್ಣಿನ ಗೋಡೆ ಬೀಳಿಸಿ ಈ ಮನೆ ಕಟ್ಟೋಕೆ ಫ್ಯಾಕ್ಟರೀಲಿ ಎಷ್ಟು ವರ್ಷ ಓಟಿ ಮಾಡಿದೀನಿ ಗೊತ್ತಾ? ಈಗ ಮಣ್ಣಿನ ಗೋಡೆ ಕಲಿಯೋಕೆ ನಿನ್ನ ಮೈಸೂರಿಗೆ ಕಳಿಸ್ಬೇಕಾ?"

ಅಡುಗೆಮನೆಯಿಂದ ಸೊಸೆ ವರಲಕ್ಷ್ಮಿ, "ಇಬ್ಬರೂ ಕಿರುಚ್ಬೇಡಿ. ಚಿಕ್ಕಮಾವನ್ನ ಕೇಳಿ, ಮುಗೀತು," ಅಂದಳು. ಅವಳಿಗೆ ಅಡುಗೆ ಆಗಬೇಕಿತ್ತು. ಅದಕ್ಕೆ ಹಾಗಂದಳು. ಮುಗೀಲಿಲ್ಲ.

ಚಿಕ್ಕಮಾವ ಅಂದರೆ ನನ್ನ ಮೈದುನ. ಹೆಸರು ದೊಡ್ಡಮುನಿಯಪ್ಪ, ಮನೆಗೆ ಚಿಕ್ಕವನು. ನಮ್ಮ ಹೋಬಳಿಯಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡೋಕೆ ಹೋಗುವವರು ಇವನನ್ನ ಕರೆದುಕೊಂಡು ಹೋಗುತ್ತಾರೆ. ಇವನು ಮುಂಬಾಗಿಲಿಗೆ ಹೋಗೋದೇ ಇಲ್ಲ. ಮೊದಲು ಹಿತ್ತಲಿಗೆ ಹೋಗುತ್ತಾನೆ. ಬಚ್ಚಲ ನೀರು ಎಲ್ಲಿಗೆ ಹರಿಯುತ್ತೆ ನೋಡುತ್ತಾನೆ. ಕೊಟ್ಟಿಗೆಯಲ್ಲಿ ದನದ ಪಕ್ಕೆ ನೋಡುತ್ತಾನೆ. ಎದುರುಮನೆಯವರನ್ನ ಮಾತಾಡಿಸುತ್ತಾನೆ. ಆಮೇಲೆ ಒಳಗೆ ಬಂದು ಕೂತು ಕುಡಿಯೋಕೆ ನೀರು ಕೇಳುತ್ತಾನೆ. ನೀರು ಯಾರು ತರುತ್ತಾರೆ, ಯಾವ ಪಾತ್ರೆಯಲ್ಲಿ ತರುತ್ತಾರೆ, ಅದೂ ಲೆಕ್ಕಕ್ಕೆ.

ಇಷ್ಟೆಲ್ಲಕ್ಕೂ ಮೇಲೆ ಒಂದು ಕಟ್ಟು ಇದೆ. ಹೆಣ್ಣಿನ ಕಡೆಯವರು ನೋಡೋಕೆ ಹೋದ ಮನೆಯಲ್ಲಿ ನೀರು ಕುಡಿಯಬಹುದು, ಉಣ್ಣಬಾರದು. ಉಂಡರೆ ಒಪ್ಪಿದ ಹಾಗೆ. ಅದರಲ್ಲೂ ಮನೆಗೆ ಹಿರಿಯರಾದವರು ಉಂಡು ಕೈ ತೊಳೆದರೆ ಮುಗೀತು, ಆಮೇಲೆ ಬೇಡ ಅನ್ನುವ ಹಾಗಿಲ್ಲ.

ಇದು ನನಗೆ ಚೆನ್ನಾಗಿ ಗೊತ್ತು. ನಮ್ಮಪ್ಪ ಈ ಮನೆ ನೋಡೋಕೆ ನಲ್ಲೂರಿನಿಂದ ಬಂದ ದಿನ ದಾರಿಯಲ್ಲಿ ಗಾಡಿ ಅಚ್ಚು ಮುರಿಯಿತಂತೆ. ಉಳಿದ ದಾರಿ ನಡೆದುಕೊಂಡು ಬಂದ. ಅವರೆಕಾಯಿ ಕಾಲ. ನಮ್ಮತ್ತೆ ಹಿತಕಿದ ಬೇಳೆ ಸಾರು ಮಾಡಿದ್ದಳು. ವಾಸನೆಗೆ ತಡೆಯೋಕಾಗದೆ ಅಪ್ಪ ಕೂತು ಉಂಡುಬಿಟ್ಟ. ಕೈ ತೊಳೆದ ಮೇಲೆ ನೆನಪಾಯಿತಂತೆ, ಇನ್ನೂ ಕೊಟ್ಟಿಗೆ ನೋಡಿಲ್ಲ, ಗಂಡನ್ನೂ ನೋಡಿಲ್ಲ ಅಂತ. ಹಾಗೆ ನಾನು ಮಧುರೆಗೆ ಬಂದೆ. ಮನೆ ಕೆಟ್ಟದ್ದಾಗಿರಲಿಲ್ಲ. ಸಾರೂ ಚೆನ್ನಾಗಿರುತ್ತಿತ್ತು. ನನ್ನನ್ನ ಯಾರೂ ಕೇಳಿರಲಿಲ್ಲ. ಆಗ ಕೇಳೋದು ರೂಢಿಯಲ್ಲಿರಲಿಲ್ಲ.

ದೊಡ್ಡಮುನಿಯಪ್ಪ ಬಂದು ಕಂಬಕ್ಕೆ ಒರಗಿ ಕೂತು ಎಲ್ಲಾ ಕೇಳಿಸಿಕೊಂಡ.

"ಎಷ್ಟು ವರ್ಷ ಓದು?"

"ಐದು ವರ್ಷ, ಚಿಕ್ಕಪ್ಪ."

"ಐದು ವರ್ಷ ಮಗು ಒಂದು ಮನೇಲಿರುತ್ತೆ. ಮನೆ ನೋಡಿದೀರಾ?"

"ಫೋಟೊ ನೋಡಿದೀವಿ."

"ನಮ್ಮೂರ ಹನುಮಂತರಾಯಪ್ಪನೂ ಅಳಿಯನ್ನ ಫೋಟೊದಲ್ಲೇ ನೋಡಿದ್ದು. ಫೋಟೊದಲ್ಲಿ ಕುಡಿಯೋದು ಕಾಣ್ಸಲ್ಲ."

ಅನಿಲನಿಗೆ ಧೈರ್ಯ ಬಂತು. "ಹಂಗಾದ್ರೆ ನೀನೇ ಬಂದು ನೋಡು ಚಿಕ್ಕಪ್ಪ. ನೀನು ಯಾವುದಕ್ಕೆ ಹೂಂ ಅಂತೀಯೋ ಅದೇ ಮೊದಲು," ಅಂದ. ಚಿಕ್ಕಪ್ಪ ಯಲಹಂಕಕ್ಕೇ ಹೂಂ ಅನ್ನುತ್ತಾನೆ ಅಂತ ಅವನಿಗೆ ಗೊತ್ತಿತ್ತು.

ಹರ್ಷಿತ ನನ್ನ ಮುಖ ನೋಡಿದಳು. ಬೇಡ ಅಂದಿದ್ದರೆ ಅವಳಪ್ಪ ತಾನೇ ತುಂಬಿಬಿಡುತ್ತಿದ್ದ, ಓಟಿಪಿ ಬರೋದು ಅವನ ಮೊಬೈಲಿಗೆ. "ಆಯ್ತು ಚಿಕ್ಕತಾತ, ನೀನೇ ನೋಡು," ಅಂದಳು.

"ಆಷಾಢದಲ್ಲಿ ಮನೆ ನೋಡೋಕೆ ಹೋಗಲ್ಲ," ಅಂದ ದೊಡ್ಡಮುನಿಯಪ್ಪ.

"ಕಾಲೇಜು ಚಿಕ್ಕಪ್ಪ, ಗಂಡಲ್ಲ."

"ಗಂಡಲ್ಲ ಅಂದ್ರೆ ನನ್ನ ಯಾಕೆ ಕರೀತೀಯ?"

ಕಡೆಗೆ ಅವನೇ ದಾರಿ ಹೇಳಿದ. ನೋಡೋಕೆ ಹೋಗುತ್ತಿದ್ದೇವೆ ಅಂತ ಯಾರೂ ಬಾಯಲ್ಲಿ ಅನ್ನಬಾರದು, ಸುಮ್ಮನೆ ಆ ಕಡೆ ಹೋಗಿದ್ದೆವು ಅನ್ನಬೇಕು. ಅಡುಗೆಮನೆ ನೋಡೋಕೆ ಮನೆಯ ಹಿರೇ ಹೆಂಗಸು ಒಬ್ಬಳು ಇರಬೇಕು ಅಂತ ನನ್ನನ್ನೂ ಹೊರಡಿಸಿದರು.

ಮೊದಲು ಯಲಹಂಕದ ಕಡೆ ಸುಮ್ಮನೆ ಹೋದೆವು. ಕಾಲೇಜು ಪೂರ್ತಿ ಗಾಜು. ಒಳಗಿರುವವರಿಗೆ ನಾವು ಕಾಣುತ್ತಿದ್ದೆವಂತೆ, ನಮಗೆ ನಾವೇ ಕಾಣುತ್ತಿದ್ದೆವು. ದೊಡ್ಡಮುನಿಯಪ್ಪ ಹಿಂದುಗಡೆ ಹೋಗಿ ಚರಂಡಿ ನೋಡಿ ಬಂದ. ಎದುರಿಗಿದ್ದ ಪಂಕ್ಚರ್ ಅಂಗಡಿಯವನನ್ನ ಕೇಳಿದ.

"ಈ ಮನೆ ಜನ ಹೆಂಗೆ?"

"ಯಾವ ಮನೆ ಯಜಮಾನ್ರೇ?"

"ಇದೇ, ಗಾಜಿಂದು."

"ಅವರ ಪಾಡಿಗೆ ಅವರಿರ್ತಾರೆ. ಪಂಕ್ಚರ್ ಹಾಕಿದ್ರೆ ಚಿಲ್ಲರೆ ಕೇಳಲ್ಲ."

"ಒಳ್ಳೇ ಜನ," ಅಂದ ದೊಡ್ಡಮುನಿಯಪ್ಪ.

ಒಳಗೆ ಒಬ್ಬ ಹುಡುಗಿ ನಮ್ಮನ್ನ ಸೋಫಾ ಮೇಲೆ ಕೂರಿಸಿದಳು. ಇವನು ನೀರು ಕೇಳಿದ. ನೀರು ಟ್ರೇಯಲ್ಲಿ ಬಂತು, ಒಬ್ಬೊಬ್ಬರಿಗೆ ಒಂದೊಂದು ಬಾಟಲಿ. ಇವನ ಮುಖ ಅರಳಿತು.

"ಯಜಮಾನರು ಯಾರು ತಾಯಿ ಇಲ್ಲಿಗೆ?"

"ಟ್ರಸ್ಟ್ ಸರ್."

"ಮನೇಲಿದಾರಾ?"

ಹುಡುಗಿ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಮೀಟಿಂಗಲ್ಲಿದಾರೆ ಸರ್," ಅಂದಳು. ಆಮೇಲೆ ಕಾಫಿ ಸಮೋಸ ತರಿಸಿದಳು. ಅನಿಲ ಒಂದು ಸಮೋಸಕ್ಕೆ ಕೈ ಹಾಕಿದ.

"ಅನಿಲ, ಇಡು."

"ಸಮೋಸ ಚಿಕ್ಕಪ್ಪ."

"ಇಡು."

ಇಟ್ಟ. "ಯಾಕ್ ಸರ್, ಖಾರ ಬೇಡ್ವಾ?" ಅಂದಳು ಹುಡುಗಿ.

"ಇನ್ನೂ ಒಪ್ಪಿಗೆ ಆಗಿಲ್ಲ ತಾಯಿ," ಅಂದ ದೊಡ್ಡಮುನಿಯಪ್ಪ. ಅವಳು "ಓಕೆ ಸರ್" ಅಂದಳು. ಸಮೋಸ ಅಲ್ಲೇ ಆರಿತು.

ಹರ್ಷಿತ ಮಹಡಿ ಮೇಲೆ ಹೋಗಿ ಬರೆಯುವ ಕೋಣೆ ನೋಡಿ ಬಂದಳು. "ಹೆಂಗಿದೆ?" ಅಂತ ನಾನು ಕೇಳಿದೆ. "ಎಲ್ಲರೂ ಗೋಡೆ ಕಡೆ ಮುಖ ಮಾಡ್ಕೊಂಡು ಕಂಪ್ಯೂಟರ್ ನೋಡ್ತಿದಾರೆ ಅಜ್ಜಿ. ಯಾರೂ ತಿರುಗಲಿಲ್ಲ," ಅಂದಳು. ಅಷ್ಟೇ ಅಂದಿದ್ದು. ಕಾರಿನಲ್ಲಿ ದೊಡ್ಡಮುನಿಯಪ್ಪ, "ಮನೆ ಅನುಕೂಲವಾಗಿದೆ. ಕಿಟಕಿ ತೆಗೆಯೋಕೆ ಬರಲ್ಲ, ಅದೊಂದೇ," ಅಂದ. ಅನಿಲ ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಗಾಡಿ ಓಡಿಸಿದ.

ಹೊಸಕೋಟೆ ಕಡೆಯ ಒಂದು ಕಾಲೇಜಿಗೂ ಹೋದೆವು. ಅಲ್ಲಿ ಗೇಟಿನವನು ಒಳಗೆ ಬಿಡಲಿಲ್ಲ. ಎಷ್ಟು ಹೇಳಿದರೂ ಬಿಡಲಿಲ್ಲ. "ಕಾವಲು ಗಟ್ಟಿಯಾಗಿದೆ," ಅಂತ ದೊಡ್ಡಮುನಿಯಪ್ಪ ಅದನ್ನ ಎರಡನೆಯದು ಅಂತ ಇಟ್ಟುಕೊಂಡ.

ಶನಿವಾರ ಮೈಸೂರು. ಕೋಳಿ ಕೂಗುವ ಮುಂಚೆ ಹೊರಟೆವು. ಮದ್ದೂರಿನಲ್ಲಿ ಗಾಡಿ ನಿಲ್ಲಿಸಿ ಎಲ್ಲರೂ ಇಡ್ಲಿ ವಡೆ ತಿಂದೆವು. ನಾನೂ ಎರಡು ವಡೆ ತಿಂದೆ. ಚಿಕ್ಕತಾತ ಮೂರನೆಯದಕ್ಕೆ ಕೈ ಹಾಕಿದಾಗ ಹರ್ಷಿತ ಕೇಳಿದಳು, "ಇಲ್ಲಿ ತಿನ್ನಬಹುದಾ ಚಿಕ್ಕತಾತ? ಹೋಟೆಲ್‌ನವನಿಗೆ ನನ್ನ ಕೊಟ್ಟುಬಿಟ್ಟಂಗೆ ಆಗಲ್ವಾ?"

"ದುಡ್ಡು ಕೊಟ್ಟು ತಿಂದಿದ್ದು ಲೆಕ್ಕಕ್ಕಿಲ್ಲ ಮಗ. ಪುಗಸಟ್ಟೆ ಉಂಡಿದ್ದು ಲೆಕ್ಕ."

ಆ ಕಾಲೇಜು ಊರಾಚೆ ಇತ್ತು. ಗಾರೆ ಇಲ್ಲದ ಇಟ್ಟಿಗೆ ಗೋಡೆ, ಮೇಲೆ ಹೆಂಚು. ಅಂಗಳದಲ್ಲಿ ಹುಡುಗರು ಹುಡುಗಿಯರು ಪ್ಯಾಂಟು ಮಡಿಚಿಕೊಂಡು ಮಣ್ಣು ತುಳಿಯುತ್ತಿದ್ದರು. ಮೊಳಕಾಲಷ್ಟು ಎತ್ತರಕ್ಕೆ ಒಂದು ಗೋಡೆ ಎದ್ದಿತ್ತು. ಎಡಕ್ಕೆ ಸ್ವಲ್ಪ ವಾಲಿತ್ತು.

ದೊಡ್ಡಮುನಿಯಪ್ಪ ಹಿಂದಕ್ಕೆ ಹೋಗೋದನ್ನೂ ಮರೆತು ಅಲ್ಲೇ ನಿಂತ. ಮಣ್ಣಿನ ಕೈಯವನು ಒಬ್ಬ ಬಂದು ನಮಸ್ಕಾರ ಅಂದ. ಅವನು ಅಲ್ಲಿಯ ಮೇಷ್ಟ್ರು.

"ಇನ್ನೂ ಗೃಹಪ್ರವೇಶ ಆಗಿಲ್ವಾ?" ಕೇಳಿದ ದೊಡ್ಡಮುನಿಯಪ್ಪ.

"ಆಗಿ ತುಂಬಾ ವರ್ಷ ಆಯ್ತಲ್ಲ ಸರ್."

"ಗಾರೆ?"

"ಮಾಡಲ್ಲ ಸರ್. ಇಟ್ಟಿಗೆ ಕಾಣ್ಲಿ ಅಂತ."

"ಇಟ್ಟಿಗೆ ನಮ್ಮೂರಲ್ಲೂ ಕಾಣುತ್ತೆ. ಕೈಲಾಗದೋರ ಮನೇಲಿ."

ಮೇಷ್ಟ್ರು ನಕ್ಕ. ದೊಡ್ಡಮುನಿಯಪ್ಪ ನಗಲಿಲ್ಲ. ನೀರು ಕೇಳಿದ. ಮೇಷ್ಟ್ರು ತಾನೇ ಹೋಗಿ ಸ್ಟೀಲ್ ಜಗ್ಗಿನಲ್ಲಿ ನೀರು ತಂದ, ನಾಲ್ಕು ಜನಕ್ಕೂ ಒಂದೇ ಲೋಟ. ದೊಡ್ಡಮುನಿಯಪ್ಪ ಲೋಟ ಎತ್ತಿ ಕುಡಿಯುತ್ತಾ ನನ್ನ ಕಡೆ ನೋಡಿದ. ಆ ನೋಟ ನನಗೆ ಗೊತ್ತು. ಅದನ್ನ ನೋಡಿ ನಮ್ಮ ಕಡೆಯ ಎಷ್ಟೋ ಹುಡುಗರು ಬೇರೆ ಊರಲ್ಲಿ ಹೆಣ್ಣು ಹುಡುಕಿಕೊಂಡಿದ್ದಾರೆ.

"ಹಿಂದುಗಡೆ ಚರಂಡಿ ನೋಡ್ಕೊಂಡು ಬರ್ತೀವಿ," ಅಂತ ಅನಿಲನನ್ನ ಕರೆದುಕೊಂಡು ಹೋದ. ಹೋಗುತ್ತಾ, "ಮಾಡಿ ಮುಗಿಸದೇ ಇರೋರ ಹತ್ರ ಮಗು ಏನು ಕಲಿಯುತ್ತೋ," ಅಂತ ಅನಿಲನಿಗೆ ಹೇಳಿದ್ದು ನನಗೂ ಕೇಳಿಸಿತು, ಹರ್ಷಿತಳಿಗೂ ಕೇಳಿಸಿತು.

ನಾನು ಜಗುಲಿ ಅಂಚಿಗೆ ಕೂತೆ. ಕೂತಾಗ ಮಂಡಿ ನೋಯಲಿಲ್ಲ. ಎತ್ತರ ಸರಿಯಾಗಿತ್ತು.

ಹರ್ಷಿತ ಸ್ವಲ್ಪ ಹೊತ್ತು ನನ್ನ ಪಕ್ಕ ನಿಂತಿದ್ದಳು. ಆಮೇಲೆ ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿದಳು. ಬಾ ಅಂತ ಯಾರೂ ಕರೆದಿರಲಿಲ್ಲ. ಮಣ್ಣು ತುಳಿಯುವವರ ಜೊತೆ ಸೇರಿಕೊಂಡಳು. ಒಂದು ಹುಡುಗಿಗೆ ಆ ವಾಲಿದ ಗೋಡೆ ತೋರಿಸಿ ಏನೋ ಕೇಳಿದಳು. ಇಬ್ಬರೂ ಬಗ್ಗಿ ಒಂದು ಕಣ್ಣು ಮುಚ್ಚಿಕೊಂಡು ಗೋಡೆ ನೋಡಿದರು. ಗೋಡೆ ಎಡಕ್ಕೋ ಬಲಕ್ಕೋ ಅಂತ ಇಬ್ಬರಿಗೂ ವಾದ ಬಂತು. ನಾವು ಅಲ್ಲಿರೋದು ಅವಳಿಗೆ ಮರೆತೇಹೋಗಿತ್ತು.

ಅವಳು ಚಿಕ್ಕವಳಿದ್ದಾಗ ಅಂಗಳದಲ್ಲಿ ಸೀಮೆಸುಣ್ಣದಲ್ಲಿ ನಮ್ಮ ಹಳೇ ಮನೆ ಬರೆದಿದ್ದಳು. ಮುಂದಿನಿಂದ ಬರೆಯಲಿಲ್ಲ, ಮಾಡು ತೆಗೆದು ಮೇಲಿನಿಂದ ನೋಡಿದ ಹಾಗೆ ಬರೆದಿದ್ದಳು. ಒಲೆ, ಕಣಜ, ಕೊಟ್ಟಿಗೆ, ಎಲ್ಲಾ ಇತ್ತು. ಅಡುಗೆಮನೆ ಬಾಗಿಲ ಪಕ್ಕ ಒಂದು ಸಣ್ಣ ಗುಂಡಗಿನದು ಬರೆದಿದ್ದಳು. ಇದೇನೇ ಅಂತ ಕೇಳಿದೆ. "ನೀನು ಅಜ್ಜಿ. ನೀನು ಯಾವಾಗ್ಲೂ ಇಲ್ಲೇ ಕೂತ್ಕೋತೀಯಲ್ಲ," ಅಂದಳು. ಆಮೇಲೆ ಹೊಸ ಮನೆ ಕಟ್ಟಿಸುವಾಗ ಅನಿಲ ಬೆಂಗಳೂರಿನಿಂದ ಒಂದು ಪ್ಲಾನ್ ಬರೆಸಿ ತಂದ. ಅದರಲ್ಲಿ ಆ ಗುಂಡಗಿನದು ಇರಲಿಲ್ಲ. ಅಲ್ಲಿ ಈಗ ಫ್ರಿಜ್ಜಿದೆ.

ನಾನು ಎದ್ದು ನನ್ನ ಪಾಲಿನ ಕೆಲಸಕ್ಕೆ ಹೋದೆ. ಅಡುಗೆಮನೆ ನೋಡಬೇಕಿತ್ತಲ್ಲ.

ಅಡುಗೆಮನೆಯಲ್ಲಿ ನಂಜನಗೂಡಿನ ಕಡೆಯ ಒಬ್ಬ ಹೆಂಗಸು ಮುದ್ದೆ ಕಟ್ಟುತ್ತಿದ್ದಳು. ಪಾತ್ರೆ ಬೆಳಗಿದ್ದವು. ಒಲೆ ಪಕ್ಕ ಬೆಕ್ಕು ಮಲಗಿತ್ತು. ಬಸ್ಸಾರಿನ ವಾಸನೆ. "ಬನ್ನಿ ಅಜ್ಜಿ, ಕೂತ್ಕಳಿ, ಬಿಸಿ ಇದೆ, ಉಣ್ಣಿ," ಅಂದಳು.

ಕೂತೆ. ತಟ್ಟೆ ಇಟ್ಟಳು. ಉಂಡೆ. ಸಾರು ಇನ್ನೊಂದು ಸಲ ಹಾಕಿಸಿಕೊಂಡೆ. ತಟ್ಟೆಯಲ್ಲಿ ಏನೂ ಬಿಡಲಿಲ್ಲ. ಎದ್ದು ಹೋಗಿ ಕೈ ತೊಳೆದೆ.

ಕೈ ಒರೆಸಿಕೊಳ್ಳುವಾಗ ದೊಡ್ಡಮುನಿಯಪ್ಪ ಬಾಗಿಲಿಗೆ ಬಂದ, ಹಿಂದೆ ಅನಿಲ. ದೊಡ್ಡಮುನಿಯಪ್ಪ ತಟ್ಟೆ ನೋಡಿದ, ನನ್ನ ಕೈ ನೋಡಿದ.

"ಅತ್ತಿಗೆ. ಉಂಡ್ರಾ?"

"ಉಂಡೆ."

"ಕೈ?"

"ತೊಳೆದೆ."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಒಂದು ಕ್ಷಣ ಬಿಟ್ಟು ಜೇಬಿಗೆ ಕೈ ಹಾಕಿ ಅಡುಗೆಯವಳ ಹತ್ತಿರ ಹೋದ. "ಎಷ್ಟಾಯ್ತಮ್ಮ ಊಟ?"

"ಅಯ್ಯೋ, ವಯಸ್ಸಾದೋರಿಗೆ ಒಂದು ಮುದ್ದೆ ಇಕ್ಕಿದ್ಕೆ ದುಡ್ಡಾ? ಬಿಡಿ ಯಜಮಾನ್ರೇ."

"ಇಲ್ಲಮ್ಮ, ತಗೊಳ್ಳಲೇಬೇಕು."

"ನನ್ನ ಕೈಲಿ ಆಗಕಿಲ್ಲ. ನೀವೂ ಕೂತ್ಕಳಿ, ಇಕ್ತೀನಿ," ಅಂತ ಅವಳು ಇನ್ನೊಂದು ತಟ್ಟೆ ಅವನ ಕಡೆ ತಳ್ಳಿದಳು. ದೊಡ್ಡಮುನಿಯಪ್ಪ ಬೇಗ ಹಿಂದಕ್ಕೆ ಸರಿದು ಅನಿಲನ ಕಾಲು ತುಳಿದ.

ಹೊರಗೆ ಬಂದು ಜಗುಲಿ ಮೇಲೆ ಕೂತ. ಆಮೇಲೆ ಅಂದ, "ಆಷಾಢ. ಆಷಾಢದಲ್ಲಿ ಉಂಡಿದ್ದು ಲೆಕ್ಕಕ್ಕೆ ಬರಲ್ಲ ಅತ್ತಿಗೆ."

"ನಮ್ಮಪ್ಪ ಉಂಡಿದ್ದು ಧನುರ್ಮಾಸದಲ್ಲಿ," ಅಂದೆ. "ನಿಮ್ಮಪ್ಪ ಲೆಕ್ಕಕ್ಕೆ ತಗೊಂಡ್ರು."

ಅವತ್ತು ನಮ್ಮಪ್ಪ ಕೈ ತೊಳೆಯುವಾಗ ಚೊಂಬಿನಲ್ಲಿ ನೀರು ಹಾಕಿದವನು ಇವನೇ. ಮದುವೆಯಾದ ಹೊಸದರಲ್ಲಿ ತಾನೇ ನನಗೆ ಹೇಳಿ ನಕ್ಕಿದ್ದ.

ಅನಿಲನಿಗೆ ತಡೆಯೋಕಾಗಲಿಲ್ಲ. "ಅಮ್ಮ, ಹಸಿವಾಗಿದ್ರೆ ಒಂದು ಮಾತು ಹೇಳಬಾರದಿತ್ತಾ? ಹೊರಗಡೆ ಹೋಟೆಲಿಗೆ ಕರ್ಕೊಂಡು ಹೋಗ್ತಿದ್ದೆ."

"ಹಸಿವಿರಲಿಲ್ಲ."

"ಮತ್ತೆ?"

ನಾನು ಅಂಗಳದ ಕಡೆ ನೋಡಿದೆ. ಅವನೂ ನೋಡಿದ. ಅವನ ಮಗಳು ಮೊಳಕಾಲ ತನಕ ಕೆಂಪಾಗಿ, ಎರಡು ಕೈಯಲ್ಲೂ ಮಣ್ಣಿನ ಮುದ್ದೆ ಹಿಡಿದುಕೊಂಡು, ಅದನ್ನ ಎಲ್ಲಿಡಬೇಕು ಅಂತ ಮೇಷ್ಟ್ರ ಹತ್ತಿರ ವಾದ ಮಾಡುತ್ತಿದ್ದಳು. ಮೇಷ್ಟ್ರು ಕೇಳಿಸಿಕೊಳ್ಳುತ್ತಿದ್ದ. ಅನಿಲ ನೋಡುತ್ತಲೇ ಇದ್ದ.

"ಬಸ್ಸಿಲ್ಲಮ್ಮ ಇಲ್ಲಿಂದ," ಅಂದ ಕಡೆಗೆ. ಮೊದಲಿನ ದನಿ ಇರಲಿಲ್ಲ. "ವಾರಕ್ಕೊಂದು ಸಲಾನೂ ಬರೋಕಾಗಲ್ಲ ಅವಳು."

"ನಲ್ಲೂರಿಗೆ ನಾನೂ ವಾರಕ್ಕೊಂದು ಸಲ ಹೋಗ್ತಿರಲಿಲ್ಲ. ನನ್ನನ್ನ ಕೇಳೂ ಇರಲಿಲ್ಲ. ಇವಳು ಕೇಳ್ತಿದಾಳೆ."

ಆವತ್ತಿಗೆ ನಾನು ಆಡಿದ್ದು ಅಷ್ಟೇ. ನನ್ನ ಮಟ್ಟಿಗೆ ಅದು ಜಾಸ್ತಿ.

ವಾಪಸ್ ಹೊರಟೆವು. ತೀರ್ಪು ಏನು ಅಂತ ಹರ್ಷಿತಳಿಗೆ ಗೊತ್ತಿರಲಿಲ್ಲ. ಕಾಲಿನ ಮಣ್ಣು ಒಣಗಿ ಉದುರುತ್ತಿತ್ತು, ಅದನ್ನ ಆಯ್ದು ಆಯ್ದು ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಬಿಡದಿ ದಾಟಿದ ಮೇಲೆ ದೊಡ್ಡಮುನಿಯಪ್ಪ ಗಂಟಲು ಸರಿಮಾಡಿಕೊಂಡ.

"ಮನೆ ಒಪ್ಪಿಗೆಯಾಗಿದೆ," ಅಂದ.

"ಯಾವ ಮನೆ ಚಿಕ್ಕತಾತ?"

"ಗಾರೆ ಇಲ್ಲದ್ದು."

ಹರ್ಷಿತ ಅಪ್ಪನ ಕಡೆ ನೋಡಿದಳು. ಅವನು ರಸ್ತೆ ನೋಡಿಕೊಂಡು, "ಹಿರಿಯರು ಉಂಡಾಗಿದೆ," ಅಂದ. ಅವಳಿಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನನ್ನ ಹೆಗಲಿಗೆ ತಲೆ ಒರಗಿಸಿ ನೆಲಮಂಗಲದ ತನಕ ಹಾಗೇ ಇದ್ದಳು. ನನ್ನ ಸೀರೆಗೆಲ್ಲ ಮಣ್ಣಾಯಿತು.

ಭಾನುವಾರ ಸಂಜೆ ಎಲ್ಲರೂ ಜಗುಲಿ ಮೇಲೆ ಕೂತರು. ದೊಡ್ಡಮುನಿಯಪ್ಪ ಒಂದೊಂದಾಗಿ ಹೇಳಿದ, ಹರ್ಷಿತ ತುಂಬಿದಳು. ಮೊದಲು ಮೈಸೂರು, ಎರಡನೆಯದು ಕಾವಲು ಗಟ್ಟಿಯಿರೋದು, ಮೂರನೆಯದು ಯಲಹಂಕ. ಅನಿಲನ ಮೊಬೈಲಿಗೆ ಓಟಿಪಿ ಬಂತು. ಅದನ್ನ ಅವನು ಮೊದಲು ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಜೋರಾಗಿ ಓದಿ ಹೇಳಿದ.

ಆಮೇಲೆ ದೊಡ್ಡಮುನಿಯಪ್ಪನಿಗೆ ಬೇರೆ ಚಿಂತೆ ಹತ್ತಿತು. ನಾವು ಒಪ್ಪಿ ಬಂದಿದ್ದೇವೆ, ಆ ಕಡೆಯವರು ಬೇಡ ಅಂದರೆ ಮರ್ಯಾದೆ ಏನಾಗಬೇಕು? ದಿನಾ ಸಂಜೆ ಬಂದು, "ಆ ಕಡೆಯಿಂದ ಏನಾದ್ರೂ ಸುದ್ದಿ ಬಂತಾ?" ಅಂತ ಕೇಳುತ್ತಿದ್ದ. ಊರಿನಲ್ಲಿ ಮಾತ್ರ, "ಒಳ್ಳೇ ಜನ. ಯಜಮಾನನೇ ಎದ್ದು ಹೋಗಿ ನೀರು ತಂದು ಕೊಡ್ತಾನೆ, ಅಷ್ಟು ವಿನಯ," ಅನ್ನುತ್ತಿದ್ದ. ಶ್ರಾವಣ ಹುಟ್ಟಿದ ಮೇಲೆ ಸುದ್ದಿ ಬಂತು. ಮೈಸೂರೇ ಸಿಕ್ಕಿತ್ತು. "ನಾನು ನೋಡಿದ ಮನೆ ತಪ್ಪಿದ್ದಿಲ್ಲ," ಅಂದ ದೊಡ್ಡಮುನಿಯಪ್ಪ.

ಕ್ಲಾಸು ಶುರುವಾಗೋದು ಶುಕ್ರವಾರ ಅಂತ ಬರೆದಿದ್ದರು. ನಮ್ಮಲ್ಲಿ ಶುಕ್ರವಾರ ಹೆಣ್ಣುಮಕ್ಕಳನ್ನ ಮನೆಯಿಂದ ಕಳಿಸಲ್ಲ. ಅದಕ್ಕೆ ಹಿಂದಿನ ದಿನವೇ ಹೊರಡಿಸಿದೆವು. ವರಲಕ್ಷ್ಮಿ ಕುಂಕುಮ ಇಟ್ಟು ಅತ್ತಳು. ಅನಿಲ ಟೈರಿನ ಗಾಳಿ ಎರಡು ಸಲ ನೋಡಿದ. ದೊಡ್ಡಮುನಿಯಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ಅಡುಗೆಯವಳಿಗೆ ಕೊಡೋಕೆ ಅಂತ ಒಂದು ಚೀಲ ಹೊಸ ರಾಗಿಹಿಟ್ಟು ತೊಡೆ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತ. ಈ ಸಲ ಊಟ ಮಾಡಿಕೊಂಡೇ ಬರುತ್ತೇನೆ ಅಂತ ಮೊದಲೇ ಹೇಳಿದ್ದ. ಹರ್ಷಿತ ಕಾರು ಹತ್ತಿದವಳು ಮತ್ತೆ ಇಳಿದು ಬಂದಳು.

"ಅಜ್ಜಿ, ಅವತ್ತು ನಿಜವಾಗ್ಲೂ ಹಸಿವಿರಲಿಲ್ವಾ?"

"ಮದ್ದೂರಲ್ಲಿ ಎರಡು ವಡೆ ತಿಂದಿದ್ದು ನೀನೇ ನೋಡಿದೀಯಲ್ಲ."

ಅವಳು ಹೋಗಿದ್ದು ಗುರುವಾರ.